ಕ್ಯಾಟಲೋನಿಯಾ ಸ್ಪೇನಿನಿಂದ ಬೇರೆಯಾಗಲು ಹೊರಟಿದ್ದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

2017ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ಮತಗಟ್ಟೆಗಳ ಮುಂದೆ ಪೊಲೀಸರು ಲಾಠಿ ಬೀಸುವ ವಿಡಿಯೊಗಳು ನಮ್ಮ ಫೋನುಗಳಿಗೂ ಬಂದಿದ್ದವು. ಆಮೇಲೆ ಸುದ್ದಿ ಮಾಯವಾಯಿತು. ಕಥೆ ಮಾತ್ರ ಮುಗಿಯಲಿಲ್ಲ. ಸ್ಪೇನಿನಲ್ಲಿ ಯಾರು ಪ್ರಧಾನಿ ಆಗಬೇಕು ಎಂಬುದನ್ನು ಆ ದಿನಗಳ ಜಗಳ ಇಂದಿಗೂ ನಿರ್ಧರಿಸುತ್ತಿದೆ. ಈ ವಿಷಯ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ.

ಕ್ಯಾಟಲೋನಿಯಾ ಎಲ್ಲಿದೆ, ಎಷ್ಟು ದೊಡ್ಡದು?

ಸ್ಪೇನಿನ ಈಶಾನ್ಯ ಮೂಲೆ. ಉತ್ತರಕ್ಕೆ ಪಿರೆನೀಸ್ ಬೆಟ್ಟಗಳು ಮತ್ತು ಫ್ರಾನ್ಸ್, ಪೂರ್ವಕ್ಕೆ ಮೆಡಿಟರೇನಿಯನ್ ಸಮುದ್ರ. ರಾಜಧಾನಿ ಬಾರ್ಸಿಲೋನಾ. ಜನಸಂಖ್ಯೆ ಸುಮಾರು 80 ಲಕ್ಷ. ಸ್ಪೇನಿನ ಒಟ್ಟು ಆದಾಯದಲ್ಲಿ ಐದನೇ ಒಂದು ಭಾಗದಷ್ಟು ಇಲ್ಲಿಂದಲೇ ಬರುತ್ತದೆ. ಸ್ವಂತ ಸಂಸತ್ತು, ಸ್ವಂತ ಸರ್ಕಾರ, ಸ್ವಂತ ಪೊಲೀಸ್ ಪಡೆ ಎಲ್ಲ ಇವೆ. ಸರ್ಕಾರಕ್ಕೆ ‘ಜೆನೆರಾಲಿತಾತ್’ ಎನ್ನುತ್ತಾರೆ, ಪೊಲೀಸರಿಗೆ ‘ಮೊಸೊಸ್’.

ಇದು ಹಿಂದೆ ಸ್ವತಂತ್ರ ದೇಶವಾಗಿತ್ತಾ?

ಇಂದಿನ ಅರ್ಥದಲ್ಲಿ ಇಲ್ಲ. ಬಾರ್ಸಿಲೋನಾದ ‘ಕೌಂಟ್’ ಎಂಬ ಸಾಮಂತರ ಆಳ್ವಿಕೆಯ ಪ್ರದೇಶ 1137ರಲ್ಲಿ ಮದುವೆ ಸಂಬಂಧದಿಂದ ಅರಾಗಾನ್ ರಾಜ್ಯದ ಜೊತೆ ಸೇರಿತು. 1469ರಲ್ಲಿ ಅರಾಗಾನಿನ ಫರ್ಡಿನಾಂಡ್ ಮತ್ತು ಕ್ಯಾಸ್ಟೀಲಿನ ಇಸಬೆಲ್ಲಾ ಮದುವೆಯಾದರು. ಆಗ ಎರಡು ದೊಡ್ಡ ರಾಜ್ಯಗಳು ಒಂದೇ ಮನೆತನದ ಕೈಗೆ ಬಂದವು. ಆದರೆ ಕ್ಯಾಟಲನ್ನರ ಕಾನೂನು, ತೆರಿಗೆ ಪದ್ಧತಿ, ಪ್ರತಿನಿಧಿ ಸಭೆ ಎಲ್ಲ ಪ್ರತ್ಯೇಕವಾಗಿಯೇ ಉಳಿದವು.

ಇವು ಹೋಗಿದ್ದು 18ನೇ ಶತಮಾನದ ಶುರುವಿನಲ್ಲಿ. ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಯುದ್ಧದಲ್ಲಿ ಕ್ಯಾಟಲನ್ನರು ಸೋಲುವ ಕಡೆ ನಿಂತರು. 1714ರ ಸೆಪ್ಟೆಂಬರ್ 11ರಂದು ಬೂರ್ಬೊನ್ ದೊರೆ ಐದನೇ ಫಿಲಿಪ್‌ನ ಸೈನ್ಯಕ್ಕೆ ಬಾರ್ಸಿಲೋನಾ ಶರಣಾಯಿತು. 1716ರ ಆಜ್ಞೆಯಿಂದ ಹಳೆಯ ಸಂಸ್ಥೆಗಳು ರದ್ದಾದವು. ಸೋತ ಆ ದಿನವೇ ಇಂದು ಅವರ ನಾಡಹಬ್ಬ, ‘ದಿಯಾದಾ’. ಅಂದಹಾಗೆ, ಅದು ಯಾವ ದೊರೆ ಬೇಕು ಎಂಬ ಯುದ್ಧ. ಸ್ಪೇನ್ ಬೇಕೋ ಬೇಡವೋ ಎಂಬ ಯುದ್ಧ ಅಲ್ಲ. ಅದನ್ನು ಸ್ವಾತಂತ್ರ್ಯ ಸಮರ ಅಂತ ಓದಲು ಶುರು ಮಾಡಿದ್ದು ಬಹಳ ಆಮೇಲೆ.

ಹಾಗಾದರೆ ಈ ರಾಷ್ಟ್ರೀಯತೆ ಹುಟ್ಟಿದ್ದು ಯಾವಾಗ?

19ನೇ ಶತಮಾನದಲ್ಲಿ, ಹತ್ತಿ ಗಿರಣಿಗಳ ಹೊಗೆಯ ನಡುವೆ. ಸ್ಪೇನಿನ ಬಹುಭಾಗ ಬೇಸಾಯದಲ್ಲೇ ಇದ್ದಾಗ ಬಾರ್ಸಿಲೋನಾ ಕೈಗಾರಿಕಾ ನಗರವಾಯಿತು. ಕೈಯಲ್ಲಿ ಕಾಸು ಬಂತು, ಆದರೆ ಅಧಿಕಾರ ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲೇ ಉಳಿಯಿತು. ಅದೇ ಹೊತ್ತಿಗೆ ‘ರೆನಶೆನ್ಸಾ’ ಎಂಬ ಸಾಹಿತ್ಯದ ಚಳವಳಿ ಕ್ಯಾಟಲನ್ ಭಾಷೆಗೆ ಮತ್ತೆ ಮರ್ಯಾದೆ ತಂದುಕೊಟ್ಟಿತು. 1859ರಲ್ಲಿ ಹಳೆಯ ಕಾವ್ಯಸ್ಪರ್ಧೆಗಳು ಮತ್ತೆ ಶುರುವಾದವು. 1892ರಲ್ಲಿ ಮಾನ್ರೆಸಾ ಊರಿನಲ್ಲಿ ಸೇರಿದವರು ಸ್ವಯಂ ಆಡಳಿತದ ಮೊದಲ ದೊಡ್ಡ ಬೇಡಿಕೆಪಟ್ಟಿ ಬರೆದರು. 1901ರಲ್ಲಿ ‘ಲ್ಯೀಗಾ’ ಎಂಬ ಪಕ್ಷ ಹುಟ್ಟಿತು. ಉದ್ಯಮಿಗಳ ಪಕ್ಷ, ಸಂಪ್ರದಾಯಸ್ಥರ ಪಕ್ಷ.

ಇವರು ಯಾರೂ ಬೇರೆ ದೇಶ ಕೇಳಲಿಲ್ಲ. ಕೇಳಿದ್ದು ಸ್ವಾಯತ್ತತೆ. ಬೇರೆಯಾಗುವ ಮಾತು ಆಡುವವರು ಇದ್ದರು, ಆದರೆ ಕಡಿಮೆ. 1931ರಲ್ಲಿ ಎಡಪಂಥದ ಎಸ್ಕೆರ್ರಾ ಪಕ್ಷದ ಫ್ರಾನ್ಸೆಸ್ಕ್ ಮಾಸಿಯಾ ಕ್ಯಾಟಲನ್ ಗಣರಾಜ್ಯ ಘೋಷಿಸಿದರು. ಅವರೂ ಕೆಲವೇ ದಿನಗಳಲ್ಲಿ ಮ್ಯಾಡ್ರಿಡ್ ಜೊತೆ ಮಾತಾಡಿ ಜೆನೆರಾಲಿತಾತ್ ಎಂಬ ಸ್ವಾಯತ್ತ ಸರ್ಕಾರಕ್ಕೆ ಒಪ್ಪಿಕೊಂಡರು. ಮರುವರ್ಷ ಅದಕ್ಕೆ ಶಾಸನವೂ ಬಂತು.

ಫ್ರಾಂಕೋ ಕಾಲದಲ್ಲಿ ಏನಾಯಿತು?

1939ರಲ್ಲಿ ಅಂತರ್ಯುದ್ಧ ಗೆದ್ದ ಸರ್ವಾಧಿಕಾರಿ ಫ್ರಾಂಕೋ ಸ್ವಾಯತ್ತತೆ ಕಿತ್ತುಹಾಕಿದ. ಕ್ಯಾಟಲನ್ ಭಾಷೆ ಶಾಲೆ, ಕಚೇರಿ, ಪತ್ರಿಕೆಗಳಿಂದ ಹೊರಬಿತ್ತು. ಫ್ರಾನ್ಸಿಗೆ ಓಡಿಹೋಗಿದ್ದ ಜೆನೆರಾಲಿತಾತ್ ಅಧ್ಯಕ್ಷ ಯುಯಿಸ್ ಕಂಪಾನಿಸ್ ಅವರನ್ನು ಜರ್ಮನ್ ಪೊಲೀಸರು ಹಿಡಿದು ಒಪ್ಪಿಸಿದರು. 1940ರ ಅಕ್ಟೋಬರ್ 15ರಂದು ಬಾರ್ಸಿಲೋನಾದ ಮೊಂಜುಯಿಕ್ ಕೋಟೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆ ಆಯಿತು. ಅದನ್ನು ಮರೆತರೆ ಇಂದಿನ ಕ್ಯಾಟಲೋನಿಯಾ ಅರ್ಥವಾಗುವುದಿಲ್ಲ. 1950ರಿಂದ 70ರವರೆಗೆ ಆಂಡಲೂಸಿಯಾ, ಮುರ್ಸಿಯಾ ಮುಂತಾದ ಬಡ ಪ್ರದೇಶಗಳಿಂದ ಲಕ್ಷಾಂತರ ಜನ ಕಾರ್ಖಾನೆ ಕೆಲಸಕ್ಕೆ ಬಂದು ಬಾರ್ಸಿಲೋನಾ ಸುತ್ತ ನೆಲೆಸಿದರು. ಅವರ ಮನೆಮಾತು ಸ್ಪ್ಯಾನಿಷ್. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತು ಕ್ಯಾಟಲನ್ನರೇ. ಮತ ಹಾಕುವಾಗ ಮಾತ್ರ ಇವರಲ್ಲಿ ಜಾಸ್ತಿ ಜನ ಸ್ಪೇನ್ ಒಡೆಯುವುದು ಬೇಡ ಎನ್ನುವ ಕಡೆ ಇರುತ್ತಾರೆ.

ಪ್ರಜಾಪ್ರಭುತ್ವ ಬಂದ ಕೂಡಲೇ ಸ್ವಾತಂತ್ರ್ಯ ಕೇಳಿದರಾ?

ಕೇಳಲೇ ಇಲ್ಲ. 1978ರ ಸಂವಿಧಾನಕ್ಕೆ ಕ್ಯಾಟಲೋನಿಯಾದಲ್ಲಿ ಮತ ಹಾಕಿದವರಲ್ಲಿ ಶೇ. 90ಕ್ಕಿಂತ ಹೆಚ್ಚು ಜನ ‘ಹೌದು’ ಎಂದರು. ಸ್ಪೇನ್ ‘ಒಡೆಯಲಾಗದ ಒಂದು ರಾಷ್ಟ್ರ’ ಎಂದು ಎರಡನೇ ವಿಧಿಯಲ್ಲೇ ಬರೆದಿರುವ ಸಂವಿಧಾನ ಅದು. 1980ರಿಂದ 2003ರವರೆಗೆ ಆಳಿದವರು ಜೋರ್ದಿ ಪುಜೋಲ್. ಪಕ್ಕಾ ರಾಷ್ಟ್ರೀಯವಾದಿ. ಆದರೆ ಅವರ ರಾಜಕೀಯ ಅಂದರೆ ಮ್ಯಾಡ್ರಿಡ್‌ನಲ್ಲಿ ಬಹುಮತ ಇಲ್ಲದವರಿಗೆ ಬೆಂಬಲ ಕೊಟ್ಟು, ಬದಲಿಗೆ ಒಂದೊಂದೇ ಅಧಿಕಾರ ಕಿತ್ತುಕೊಂಡು ಬರುವುದು. 1993ರಲ್ಲಿ ಸೋಷಲಿಸ್ಟರ ಜೊತೆ, 1996ರಲ್ಲಿ ಬಲಪಂಥದ ಅಸ್ನಾರ್ ಜೊತೆ, ಇಬ್ಬರ ಜೊತೆಗೂ ಈ ವ್ಯಾಪಾರ ನಡೆಯಿತು. ಶಾಲೆಗಳಲ್ಲಿ ಕ್ಯಾಟಲನ್ ಮಾಧ್ಯಮ ಗಟ್ಟಿಯಾದದ್ದೂ ಈ ಕಾಲದಲ್ಲೇ. ಪ್ರತ್ಯೇಕತೆಗೆ ಬೆಂಬಲ ಶೇ. 20ರ ಆಸುಪಾಸು ಇತ್ತು, ಅಷ್ಟೇ.

ಮತ್ತೆ ಪರಿಸ್ಥಿತಿ ಬಿಗಡಾಯಿಸಿದ್ದು ಹೇಗೆ?

ಎಲ್ಲರೂ ಬೆರಳು ತೋರಿಸುವುದು 2010ರ ಕೋರ್ಟ್ ತೀರ್ಪಿನ ಕಡೆ. ನನ್ನ ಲೆಕ್ಕದಲ್ಲಿಯೂ ಅದೇ ತಿರುವು, ಆದರೆ ಅದೊಂದೇ ಅಲ್ಲ.

2006ರಲ್ಲಿ ಕ್ಯಾಟಲೋನಿಯಾಕ್ಕೆ ಹೊಸ ಸ್ವಾಯತ್ತತಾ ಶಾಸನ ಬಂತು. ಕ್ಯಾಟಲನ್ ಸಂಸತ್ತು ಒಪ್ಪಿತು. ಮ್ಯಾಡ್ರಿಡ್‌ನ ಸಂಸತ್ತು ಕತ್ತರಿ ಆಡಿಸಿ ಒಪ್ಪಿತು. ಆಮೇಲೆ ಜನಮತದಲ್ಲಿ ಸುಮಾರು ಶೇ. 74 ಜನ ಒಪ್ಪಿದರು, ಮತ ಹಾಕಿದವರು ಅರ್ಧಕ್ಕಿಂತ ಕಡಿಮೆ ಇದ್ದರೂ. ಬಲಪಂಥದ ಪೀಪಲ್ಸ್ ಪಾರ್ಟಿ ಇದರ ವಿರುದ್ಧ ದೇಶದ ತುಂಬ ಸಹಿ ಸಂಗ್ರಹ ಮಾಡಿ, ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯ ನಾಲ್ಕು ವರ್ಷ ಎಳೆದು, 2010ರ ಜೂನ್ 28ರಂದು 14 ವಿಧಿಗಳನ್ನು ಪೂರ್ತಿ ಅಥವಾ ಭಾಗಶಃ ರದ್ದು ಮಾಡಿತು. ಇನ್ನೂ ಹಲವಕ್ಕೆ ಹೇಗೆ ಅರ್ಥ ಮಾಡಬೇಕು ಎಂದು ಬೇಲಿ ಹಾಕಿತು. ಕ್ಯಾಟಲೋನಿಯಾವನ್ನು ‘ರಾಷ್ಟ್ರ’ ಎಂದ ಪೀಠಿಕೆಯ ಮಾತಿಗೆ ಕಾನೂನಿನ ಬೆಲೆ ಇಲ್ಲ ಎಂದಿತು. ಕೆಲವು ದಿನಗಳಲ್ಲೇ ಬಾರ್ಸಿಲೋನಾದ ಬೀದಿಗಳು ತುಂಬಿದವು. ‘ನಾವು ಒಂದು ರಾಷ್ಟ್ರ, ನಿರ್ಧಾರ ನಮ್ಮದು’ ಎಂಬ ಬ್ಯಾನರ್ ಮುಂದೆ ಇತ್ತು.

ಜನ ಮತ ಹಾಕಿದ ಮೇಲೆ ನ್ಯಾಯಾಧೀಶರು ಬದಲಾಯಿಸಿದರು ಎಂಬ ಸಿಟ್ಟು ತುಂಬ ಜನರನ್ನು ಮುಟ್ಟಿತು. ಅಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂದಾಗಿತ್ತು. ನಿರುದ್ಯೋಗ ಏರಿತ್ತು. 2010ರ ಕೊನೆಗೆ ಅಧಿಕಾರಕ್ಕೆ ಬಂದ ಪುಜೋಲ್ ಶಿಷ್ಯ ಆರ್ತುರ್ ಮಾಸ್ ಆಸ್ಪತ್ರೆ, ಶಾಲೆಗಳ ಖರ್ಚು ಕಡಿತ ಮಾಡಿದರು. 2011ರ ಜೂನ್‌ನಲ್ಲಿ ಪ್ರತಿಭಟನಕಾರರು ಸಂಸತ್ತನ್ನು ಎಷ್ಟು ಸುತ್ತುವರಿದರು ಎಂದರೆ ಮಾಸ್ ಹೆಲಿಕಾಪ್ಟರ್‌ನಲ್ಲಿ ಒಳಗೆ ಬರಬೇಕಾಯಿತು! ಒಂದೇ ವರ್ಷದ ಮೇಲೆ ಅದೇ ಮಾಸ್ ಸ್ವಾತಂತ್ರ್ಯ ಚಳವಳಿಯ ನಾಯಕ. ಜನರ ಸಿಟ್ಟನ್ನು ಮ್ಯಾಡ್ರಿಡ್ ಕಡೆ ತಿರುಗಿಸಿದರು ಎಂದು ಟೀಕಾಕಾರರು ಹೇಳುತ್ತಾರೆ. ಅದರಲ್ಲಿ ಸತ್ಯ ಇದೆ. ಆದರೆ 2012ರ ದಿಯಾದಾ ದಿನ ಬೀದಿಗೆ ಬಂದ ಜನಸಾಗರವನ್ನು ಯಾವ ರಾಜಕಾರಣಿಯೂ ಕರೆತಂದದ್ದಲ್ಲ. ಕ್ಯಾಟಲನ್ ನ್ಯಾಷನಲ್ ಅಸೆಂಬ್ಲಿ ಎಂಬ ನಾಗರಿಕ ಸಂಘಟನೆ ಅದರ ಹಿಂದಿತ್ತು. ಬಾರ್ಸಿಲೋನಾ ನಗರ ಪೊಲೀಸರ ಲೆಕ್ಕ 15 ಲಕ್ಷ, ಕೇಂದ್ರದ ಪ್ರತಿನಿಧಿಯ ಲೆಕ್ಕ 6 ಲಕ್ಷ. ಯಾವುದನ್ನು ನಂಬಿದರೂ ದೊಡ್ಡದೇ. ಮಾಸ್ ಓಡಿಬಂದು ಆ ಮೆರವಣಿಗೆಯ ಮುಂದೆ ನಿಂತರು, ಅಷ್ಟೇ.

ದುಡ್ಡಿನ ಜಗಳ ನಿಜವಾ?

ನಿಜ, ಆದರೆ ಎಷ್ಟು ಎಂಬುದು ಲೆಕ್ಕ ಹಾಕುವ ಕೈಯ ಮೇಲೆ ಹೋಗುತ್ತದೆ. ತಾನು ಕೊಟ್ಟ ತೆರಿಗೆ ಮತ್ತು ತನಗೆ ಬಂದ ಖರ್ಚಿನ ನಡುವಿನ ಅಂತರ ತನ್ನ ಜಿಡಿಪಿಯ ಸುಮಾರು ಶೇ. 8 ಎಂದು ಜೆನೆರಾಲಿತಾತ್ ಹೇಳುತ್ತಿತ್ತು. ಮ್ಯಾಡ್ರಿಡ್ ತನ್ನ ವಿಧಾನದಲ್ಲಿ ಹಾಕಿದರೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ‘ಸ್ಪೇನ್ ನಮ್ಮನ್ನು ದೋಚುತ್ತಿದೆ’ ಎಂಬ ಘೋಷಣೆ ಇದರಿಂದ ಬಂತು. ಮ್ಯಾಡ್ರಿಡ್ ಪ್ರದೇಶವೂ ಕೊಡುವುದು ಜಾಸ್ತಿ, ಪಡೆಯುವುದು ಕಡಿಮೆ. ಇದನ್ನು ಘೋಷಣೆ ಕೂಗುವವರು ಹೇಳುತ್ತಿರಲಿಲ್ಲ.

ನಿಜವಾಗಿ ಹೊಟ್ಟೆ ಉರಿಸುವುದು ಬಾಸ್ಕ್ ಪ್ರದೇಶದ ಉದಾಹರಣೆ. ಬಾಸ್ಕ್ ಪ್ರದೇಶ ಮತ್ತು ನವಾರ್ರಾ ತೆರಿಗೆಯನ್ನು ತಾವೇ ವಸೂಲಿ ಮಾಡಿ, ಕೇಂದ್ರಕ್ಕೆ ಒಂದು ಪಾಲು ಕಳಿಸುತ್ತವೆ. ಅಂಥದ್ದೇ ಏರ್ಪಾಡು ಬೇಕು ಎಂದು ಮಾಸ್ 2012ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮರಿಯಾನೋ ರಹೋಯ್ ಬಳಿ ಹೋದರು. ರಹೋಯ್ ಒಪ್ಪಲಿಲ್ಲ. ಮಾಸ್ ಊರಿಗೆ ಬಂದು ಚುನಾವಣೆ ಕರೆದರು.

2017ರ ಅಕ್ಟೋಬರ್ 1ರಂದು ನಿಜಕ್ಕೂ ಏನು ನಡೆಯಿತು?

ಸ್ವಲ್ಪ ಹಿಂದಿನಿಂದ ಬರೋಣ. 2014ರಲ್ಲಿ ಒಂದು ಅನಧಿಕೃತ ಮತದಾನ ಆಗಿತ್ತು. 23 ಲಕ್ಷ ಜನ ಬಂದಿದ್ದರು. 2015ರ ಚುನಾವಣೆಯಲ್ಲಿ ಸ್ವಾತಂತ್ರ್ಯ ಪರ ಪಕ್ಷಗಳಿಗೆ 135ರಲ್ಲಿ 72 ಸ್ಥಾನ ಸಿಕ್ಕವು. ಮತ ಮಾತ್ರ ಶೇ. 47.8. ಅರ್ಧ ದಾಟಲಿಲ್ಲ. ಮಾಸ್ ಅವರನ್ನು ಅತಿ ಎಡದ ‘ಕುಪ್’ ಪಕ್ಷ ಒಪ್ಪದ ಕಾರಣ ಜಿರೋನಾದ ಮೇಯರ್ ಆಗಿದ್ದ ಕಾರ್ಲೆಸ್ ಪುಜ್ದೆಮೊನ್ ಅಧ್ಯಕ್ಷರಾದರು.

2017ರ ಸೆಪ್ಟೆಂಬರ್ 6 ಮತ್ತು 7ರಂದು ಇದೇ 72 ಸ್ಥಾನಗಳ ಬಲದಲ್ಲಿ ಜನಮತದ ಕಾನೂನು ಮತ್ತು ಬೇರೆಯಾಗುವ ಕಾನೂನು ಪಾಸಾದವು. ಸಂಸತ್ತಿನ ಸ್ವಂತ ವಕೀಲರೇ ಬೇಡ ಎಂದರು. ವಿರೋಧ ಪಕ್ಷಗಳಲ್ಲಿ ಬಹಳಷ್ಟು ಸದಸ್ಯರು ಎದ್ದು ಹೋದರು. ಸ್ವಾಯತ್ತತಾ ಶಾಸನದ ಒಂದು ವಿಧಿ ಬದಲಾಯಿಸಲು ಮೂರನೇ ಎರಡು, ಅಂದರೆ 90 ಮತ ಬೇಕು. ದೇಶ ಒಡೆಯಲು 72 ಸಾಕು ಎಂದು ತೀರ್ಮಾನಿಸಿದರು! ಚಳವಳಿಯ ದೊಡ್ಡ ತಪ್ಪು ಇದು. ‘ಪ್ರಜಾಪ್ರಭುತ್ವ’ ಎಂದು ಬೋರ್ಡ್ ಹಾಕಿಕೊಂಡವರು ಅರ್ಧ ನಾಡನ್ನು ಹೊರಗೆ ನಿಲ್ಲಿಸಿದರು.

ಮ್ಯಾಡ್ರಿಡ್‌ನ ತಪ್ಪು ಮೂರು ವಾರಗಳ ನಂತರ. ಸಾಂವಿಧಾನಿಕ ನ್ಯಾಯಾಲಯ ಮತದಾನಕ್ಕೆ ತಡೆ ಹಾಕಿತ್ತು. ಬೇರೆ ಕಡೆಗಳಿಂದ ಸಾವಿರಾರು ಪೊಲೀಸರನ್ನು ಕರೆಸಿದರು. ಅವರಲ್ಲಿ ಹಲವರಿಗೆ ಬಾರ್ಸಿಲೋನಾ ಬಂದರಿನಲ್ಲಿ ಹಡಗಿನಲ್ಲೇ ವಸತಿ. ಹಡಗಿನ ಮೈಮೇಲೆ ದೊಡ್ಡದಾಗಿ ಕಾರ್ಟೂನ್ ಹಕ್ಕಿ ಟ್ವೀಟಿಯ ಚಿತ್ರ! ಬಟ್ಟೆ ಹಾಕಿ ಮುಚ್ಚಿದರು, ನಗು ನಿಲ್ಲಲಿಲ್ಲ. ಮತಪೆಟ್ಟಿಗೆಗಳನ್ನು ಗಡಿಯಾಚೆ ಫ್ರಾನ್ಸಿನಲ್ಲಿ ಬಚ್ಚಿಟ್ಟು, ಸ್ವಯಂಸೇವಕರು ಮನೆ ಮನೆಯಲ್ಲಿ ಅಡಗಿಸಿ, ಬೆಳಗಾಗುವ ಮೊದಲು ಶಾಲೆಗಳಿಗೆ ತಂದರು. ಒಂದನ್ನೂ ಮೊದಲೇ ಹಿಡಿಯಲು ಆಗಲಿಲ್ಲ. ಆ ದಿನ ಪೊಲೀಸರು ಗಾಜು ಒಡೆದು, ಸಾಲಿನಲ್ಲಿ ನಿಂತವರನ್ನು ಎಳೆದು, ಹೊಡೆದರು. ಸಾವಿರದಷ್ಟು ಜನರಿಗೆ ಚಿಕಿತ್ಸೆ ಕೊಟ್ಟೆವು ಎಂದು ಕ್ಯಾಟಲನ್ ಆರೋಗ್ಯ ಇಲಾಖೆ ಹೇಳಿತು. ಅಧಿಕೃತ ಎಂದು ಜೆನೆರಾಲಿತಾತ್ ಪ್ರಕಟಿಸಿದ ಫಲಿತಾಂಶ: ಬಂದವರು ಶೇ. 43, ‘ಹೌದು’ ಎಂದವರು ಶೇ. 90. ಬೇಡ ಎನ್ನುವವರು ಬಹುಪಾಲು ಮನೆಯಲ್ಲೇ ಉಳಿದಿದ್ದರು.

ಎರಡು ದಿನ ಬಿಟ್ಟು ದೊರೆ ಆರನೇ ಫೆಲಿಪೆ ಟಿವಿಯಲ್ಲಿ ಗಡಸಾಗಿ ಮಾತಾಡಿದರು. ಏಟು ತಿಂದವರ ಬಗ್ಗೆ ಒಂದು ಮಾತೂ ಬರಲಿಲ್ಲ. ಅದನ್ನು ಕ್ಯಾಟಲೋನಿಯಾದಲ್ಲಿ ಬಹಳ ಜನ ಇನ್ನೂ ಮರೆತಿಲ್ಲ.

ಸ್ವಾತಂತ್ರ್ಯ ಘೋಷಣೆ ಮಾಡಿದರಲ್ಲ, ದೇಶ ಯಾಕಾಗಲಿಲ್ಲ?

ಅಕ್ಟೋಬರ್ 27ರಂದು ಸಂಸತ್ತಿನಲ್ಲಿ 70 ಮತಗಳಿಂದ ಘೋಷಣೆಯ ನಿರ್ಣಯ ಪಾಸಾಯಿತು. ಆದರೆ ಸರ್ಕಾರದ ಅರಮನೆ ಮೇಲಿನ ಸ್ಪೇನ್ ಬಾವುಟವನ್ನು ಕೂಡ ಯಾರೂ ಇಳಿಸಲಿಲ್ಲ. ಗಡಿ, ಸುಂಕ, ತೆರಿಗೆ ವಸೂಲಿ, ಕರೆನ್ಸಿ ಯಾವುದಕ್ಕೂ ತಯಾರಿ ಇರಲಿಲ್ಲ. ಒಂದೂ ದೇಶ ಮಾನ್ಯ ಮಾಡಲಿಲ್ಲ. ಯುರೋಪಿಯನ್ ಒಕ್ಕೂಟ ಇದು ಸ್ಪೇನಿನ ಒಳಗಿನ ವಿಷಯ ಎಂದು ಕೈತೊಳೆದುಕೊಂಡಿತು. ಕೈಕ್ಸಾಬ್ಯಾಂಕ್, ಸಬಾದೆಲ್ ಎಂಬ ಎರಡು ದೊಡ್ಡ ಬ್ಯಾಂಕುಗಳು ಆ ತಿಂಗಳ ಮೊದಲ ವಾರದಲ್ಲೇ ನೋಂದಾಯಿತ ಕಚೇರಿಯನ್ನು ವಲೆನ್ಸಿಯಾ, ಅಲಿಕಾಂತೆಗೆ ಸಾಗಿಸಿದ್ದವು. ಮುಂದೆ ಸಾವಿರಾರು ಕಂಪನಿಗಳು ಹಾಗೇ ಮಾಡಿದವು.

ಅದೇ ದಿನ ಮ್ಯಾಡ್ರಿಡ್ ಸಂವಿಧಾನದ 155ನೇ ವಿಧಿ ಬಳಸಿ ಜೆನೆರಾಲಿತಾತ್ ಸರ್ಕಾರವನ್ನು ವಜಾ ಮಾಡಿತು. ನಮ್ಮ 356ನೇ ವಿಧಿ ನೆನಪಿಸಿಕೊಳ್ಳಿ, ಸರಿಸುಮಾರು ಅಂಥದ್ದು. ಪುಜ್ದೆಮೊನ್ ಬೆಲ್ಜಿಯಂಗೆ ಹೋದರು. ಉಪಾಧ್ಯಕ್ಷ ಒರಿಯೋಲ್ ಜುಂಕೇರಾಸ್ ಉಳಿದರು, ಜೈಲಿಗೆ ಹೋದರು. ಈ ‘ಓಡಿದವರು, ಉಳಿದವರು’ ಎಂಬ ಗಾಯದಿಂದಲೇ ಎರಡು ಪಕ್ಷಗಳು, ಪುಜ್ದೆಮೊನ್ ಅವರ ಜುಂಟ್ಸ್ ಮತ್ತು ಜುಂಕೇರಾಸ್ ಅವರ ಎಸ್ಕೆರ್ರಾ, ಇಂದಿಗೂ ಒಬ್ಬರನ್ನೊಬ್ಬರು ನಂಬುವುದಿಲ್ಲ.

ಎಲ್ಲ ಕ್ಯಾಟಲನ್ನರೂ ಸ್ವಾತಂತ್ರ್ಯ ಬಯಸುತ್ತಾರಾ?

ಇಲ್ಲ. ಯಾವ ಕಾಲದಲ್ಲೂ ಸ್ಪಷ್ಟ ಬಹುಮತ ಇರಲಿಲ್ಲ. 2017ರ ಡಿಸೆಂಬರ್ ಚುನಾವಣೆಯಲ್ಲಿ ಶೇ. 79 ಜನ ಮತ ಹಾಕಿದರು. ಆಗ ಮೊದಲ ಸ್ಥಾನ ಪಡೆದದ್ದು ಸ್ವಾತಂತ್ರ್ಯ ವಿರೋಧಿ ಸಿಯುದಾದಾನೋಸ್ ಪಕ್ಷ, 36 ಸೀಟು. ಆದರೂ ಒಟ್ಟು ಬಹುಮತ ಸ್ವಾತಂತ್ರ್ಯ ಪರ ಪಕ್ಷಗಳದ್ದು, 70 ಸೀಟು. 2021ರಲ್ಲಿ ಮೊದಲ ಸಲ ಅವರ ಮತ ಶೇ. 50 ದಾಟಿತು. ಕೋವಿಡ್ ನಡುವೆ ಅರ್ಧದಷ್ಟು ಜನ ಮಾತ್ರ ಬಂದಿದ್ದ ಚುನಾವಣೆ ಅದು.

ನಕ್ಷೆ ನೋಡಿದರೆ ಒಳನಾಡಿನ ಊರುಗಳು ಪರ, ಬಾರ್ಸಿಲೋನಾ ಸುತ್ತಲಿನ ಕೈಗಾರಿಕಾ ಪಟ್ಟಿ ವಿರೋಧ. ಇದನ್ನು ಹಿಡಿದು ಕೆಲವರು ‘ತಾಬಾರ್ನಿಯಾ’ ಎಂಬ ಗೇಲಿ ಮಾಡಿದರು. ಬಾರ್ಸಿಲೋನಾ ಮತ್ತು ತಾರಗೋನಾ ಕರಾವಳಿ ಕ್ಯಾಟಲೋನಿಯಾದಿಂದ ಬೇರೆಯಾಗಿ ಸ್ಪೇನಿನಲ್ಲೇ ಇರಬೇಕಂತೆ. ವಾದಗಳೆಲ್ಲ ಪ್ರತ್ಯೇಕತಾವಾದಿಗಳದ್ದೇ, ತಿರುಗಿಸಿ ಹಾಕಿದ್ದು.

ಸ್ಪೇನಿನ ರಾಜಕೀಯಕ್ಕೆ ಇದರಿಂದ ಆದ ಪರಿಣಾಮ?

ನನಗೆ ಅನ್ನಿಸುವುದು ಇಷ್ಟು: ಕ್ಯಾಟಲೋನಿಯಾದ ಗಡಿ ಒಂದಿಂಚೂ ಸರಿಯಲಿಲ್ಲ, ಬದಲಾದದ್ದು ಮ್ಯಾಡ್ರಿಡ್.

ಮೊದಲನೆಯದು ವೋಕ್ಸ್ ಎಂಬ ತೀವ್ರ ಬಲಪಂಥದ ಪಕ್ಷ. ಫ್ರಾಂಕೋ ನಂತರ ಸ್ಪೇನಿನಲ್ಲಿ ತೀವ್ರ ಬಲಪಂಥಕ್ಕೆ ಹೇಳಿಕೊಳ್ಳುವಂಥ ಜಾಗ ಇರಲಿಲ್ಲ. 2018ರ ಡಿಸೆಂಬರ್‌ನಲ್ಲಿ ಆಂಡಲೂಸಿಯಾದಲ್ಲಿ ವೋಕ್ಸ್ 12 ಸೀಟು ಗೆದ್ದಿತು. ಕ್ಯಾಟಲನ್ ನಾಯಕರ ವಿಚಾರಣೆಯಲ್ಲಿ ಅದೇ ಒಂದು ಕಕ್ಷಿಯಾಗಿ ಕೂತಿತ್ತು. 2019ರ ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟ್ ಒಂಬತ್ತು ಜನರಿಗೆ 9ರಿಂದ 13 ವರ್ಷ ಜೈಲು ಹಾಕಿತು. ಬಾರ್ಸಿಲೋನಾದಲ್ಲಿ ವಿಮಾನ ನಿಲ್ದಾಣ ಮುತ್ತಿಗೆ, ರಾತ್ರಿಯೆಲ್ಲ ಬೆಂಕಿ. ಮರುತಿಂಗಳ ಚುನಾವಣೆಯಲ್ಲಿ ವೋಕ್ಸ್ 24ರಿಂದ 52 ಸೀಟಿಗೆ ಏರಿತು. ವಲಸೆ ವಿರೋಧ ಮುಂತಾದ ಬೇರೆ ಕಾರಣಗಳೂ ಇದ್ದವು, ಆದರೆ ಬಾಲ್ಕನಿಗಳಲ್ಲಿ ಸ್ಪೇನ್ ಬಾವುಟ ತೂಗುಬಿದ್ದದ್ದು ಕ್ಯಾಟಲೋನಿಯಾ ಕಾರಣಕ್ಕೇ.

ಎರಡನೆಯದು ಸಂಸತ್ತಿನ ಕೂಡಿಸುವ ಕಳೆಯುವ ಆಟ. 2018ರ ಜೂನ್‌ನಲ್ಲಿ ರಹೋಯ್ ಬಿದ್ದು ಸೋಷಲಿಸ್ಟ್ ಪಕ್ಷದ ಪೆಡ್ರೋ ಸಾಂಚೆಸ್ ಬಂದದ್ದು ಕ್ಯಾಟಲನ್ ಪಕ್ಷಗಳ ಮತಗಳಿಂದ. ಮುಂದಿನ ವರ್ಷ ಅವೇ ಪಕ್ಷಗಳು ಬಜೆಟ್ ತಿರಸ್ಕರಿಸಿ ಚುನಾವಣೆಗೆ ದೂಡಿದವು. 2023ರ ಜುಲೈನಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಪೀಪಲ್ಸ್ ಪಾರ್ಟಿ 137, ಸೋಷಲಿಸ್ಟರು 121. ಬೀಗದ ಕೈ ಪುಜ್ದೆಮೊನ್ ಅವರ ಜುಂಟ್ಸ್ ಪಕ್ಷದ 7 ಸದಸ್ಯರ ಹತ್ತಿರ ಸಿಕ್ಕಿತು. ಸ್ಪೇನಿಗೆ ಕಾಲಿಟ್ಟರೆ ಬಂಧನವಾಗುವ ಮನುಷ್ಯ ಬ್ರಸೆಲ್ಸ್‌ನಲ್ಲಿ ಕೂತು ಸ್ಪೇನಿನ ಪ್ರಧಾನಿ ಯಾರು ಎಂದು ತೀರ್ಮಾನಿಸಿದರು. ಬೆಲೆ: ಕ್ಷಮಾದಾನ ಕಾನೂನು. ಚುನಾವಣೆಗೆ ಮೊದಲು ಅದು ಸಂವಿಧಾನಕ್ಕೆ ವಿರುದ್ಧ ಎಂದಿದ್ದ ಸಾಂಚೆಸ್, ಆಮೇಲೆ ಅದೇ ಸಾಮರಸ್ಯದ ದಾರಿ ಎಂದರು. ಮ್ಯಾಡ್ರಿಡ್‌ನಲ್ಲಿ ಸೋಷಲಿಸ್ಟ್ ಪಕ್ಷದ ಕಚೇರಿ ಮುಂದೆ ರಾತ್ರಿಗಟ್ಟಲೆ ಗಲಾಟೆ ನಡೆಯಿತು.

ಮೂರನೆಯದು ಗೂಢಚಾರಿಕೆ. ನಮ್ಮಲ್ಲೂ ಸದ್ದು ಮಾಡಿದ್ದ ಪೆಗಾಸಸ್ ಅಲ್ಲೂ ಬಂತು. ಕನಿಷ್ಠ 65 ಕ್ಯಾಟಲನ್ ರಾಜಕಾರಣಿಗಳು, ಕಾರ್ಯಕರ್ತರು, ವಕೀಲರ ಫೋನುಗಳಿಗೆ ಕಣ್ಣು ಹಾಕಲಾಗಿತ್ತು ಎಂದು 2022ರಲ್ಲಿ ಕೆನಡಾದ ಸಿಟಿಜನ್ ಲ್ಯಾಬ್ ಹೇಳಿತು. ಸ್ಪೇನಿನ ಗುಪ್ತಚರ ಮುಖ್ಯಸ್ಥೆ ಹುದ್ದೆ ಕಳೆದುಕೊಂಡರು.

ಜೈಲಿನಲ್ಲಿದ್ದವರು ಹೊರಬಂದರಾ? ಪುಜ್ದೆಮೊನ್ ಕಥೆ ಏನು?

ಒಂಬತ್ತು ಜನರಿಗೆ 2021ರ ಜೂನ್‌ನಲ್ಲಿ ಸರ್ಕಾರ ಶಿಕ್ಷೆ ಮನ್ನಾ ಮಾಡಿತು. ಅದು ಶಿಕ್ಷೆ ಆದವರಿಗೆ ಮಾತ್ರ. 2024ರ ಮೇ 30ರಂದು 177–172 ಮತಗಳಿಂದ ಅಂತಿಮವಾಗಿ ಪಾಸಾದ ಕ್ಷಮಾದಾನ ಕಾನೂನು ಇದಕ್ಕಿಂತ ದೊಡ್ಡದು. 2011ರಿಂದ ನಡೆದ ಘಟನೆಗಳ ಪ್ರಕರಣಗಳನ್ನೇ ಅಳಿಸುತ್ತದೆ. 2025ರ ಜೂನ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ಬಹುಪಾಲು ಎತ್ತಿಹಿಡಿಯಿತು. ಆದರೆ ಸಾರ್ವಜನಿಕ ಹಣ ದುರ್ಬಳಕೆ ಆರೋಪಕ್ಕೆ ಇದು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಪಟ್ಟು ಹಿಡಿಯಿತು. ಆ ಆರೋಪ ಪುಜ್ದೆಮೊನ್ ಮೇಲೆ ಇದೆ.

2024ರ ಆಗಸ್ಟ್ 8ರಂದು ಅವರು ಬಾರ್ಸಿಲೋನಾದ ವಿಜಯ ಕಮಾನಿನ ಹತ್ತಿರ ಸಾವಿರಾರು ಜನರ ಮುಂದೆ ಪ್ರತ್ಯಕ್ಷರಾದರು, ಕೆಲವು ನಿಮಿಷ ಮಾತಾಡಿದರು, ಪೊಲೀಸರ ಕಣ್ಣೆದುರೇ ಮಾಯವಾದರು. ಮತ್ತೆ ಬೆಲ್ಜಿಯಂ.

ಸ್ಕಾಟ್ಲೆಂಡಿಗೆ ಕೊಟ್ಟ ಹಾಗೆ ಜನಮತ ಕೊಟ್ಟಿದ್ದರೆ ಆಗುತ್ತಿರಲಿಲ್ಲವಾ?

2014ರಲ್ಲಿ ಲಂಡನ್ ಒಪ್ಪಿ ಮತದಾನ ಮಾಡಿಸಿತು, ಸ್ಕಾಟ್ಲೆಂಡ್ ಉಳಿಯಿತು. ಬ್ರಿಟನ್ನಿಗೆ ಒಂದೇ ಪುಸ್ತಕದಲ್ಲಿ ಬರೆದ ಸಂವಿಧಾನ ಇಲ್ಲ, ಆದ್ದರಿಂದ ಸಂಸತ್ತು ಒಪ್ಪಿದರೆ ಸಾಕು. ಸ್ಪೇನಿನಲ್ಲಿ ಸಂವಿಧಾನ ಬದಲಿಸಬೇಕು, ಅದಕ್ಕೆ ಇಡೀ ಸ್ಪೇನ್ ಒಪ್ಪಬೇಕು. ರಾಜಕೀಯ ಮನಸ್ಸಿದ್ದರೆ ಸಲಹಾ ರೂಪದ ಮತದಾನಕ್ಕೆ ದಾರಿ ಹುಡುಕಬಹುದಿತ್ತು ಎನ್ನುವ ಕಾನೂನು ಪಂಡಿತರೂ ಇದ್ದಾರೆ. 2012ರ ಸುಮಾರಿಗೆ ನಡೆದಿದ್ದರೆ ‘ಬೇಡ’ ಗೆಲ್ಲುತ್ತಿತ್ತು ಅಂತ ನನ್ನ ಊಹೆ. ಊಹೆ ಅಷ್ಟೇ.

ಬಾರ್ಸಾ ಫುಟ್‌ಬಾಲ್ ಕ್ಲಬ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಫ್ರಾಂಕೋ ಕಾಲದಲ್ಲಿ ಕ್ಯಾಟಲನ್ ಮಾತಾಡಲು ಭಯವಿಲ್ಲದ ಕೆಲವೇ ಜಾಗಗಳಲ್ಲಿ ಆ ಕ್ರೀಡಾಂಗಣ ಒಂದಾಗಿತ್ತು. ಚಳವಳಿ ಉತ್ತುಂಗದಲ್ಲಿದ್ದಾಗ ಪಂದ್ಯದ 17ನೇ ನಿಮಿಷ 14ನೇ ಸೆಕೆಂಡಿಗೆ, ಅಂದರೆ 1714ರ ನೆನಪಿಗೆ, ಸ್ವಾತಂತ್ರ್ಯದ ಕೂಗು ಏಳುತ್ತಿತ್ತು. 2017ರ ಅಕ್ಟೋಬರ್ 1ರಂದು ಲಾಸ್ ಪಾಲ್ಮಾಸ್ ವಿರುದ್ಧದ ಪಂದ್ಯವನ್ನು ಖಾಲಿ ಗ್ಯಾಲರಿಗಳ ಮುಂದೆ ಆಡಿದರು. ಆದರೆ ಬಾರ್ಸಾ ಅಭಿಮಾನಿಗಳೆಲ್ಲ ಪ್ರತ್ಯೇಕತಾವಾದಿಗಳು ಎಂದುಕೊಳ್ಳಬೇಡಿ.

ಭಾಷೆಯ ಸ್ಥಿತಿ ಈಗ ಹೇಗಿದೆ?

ಆತಂಕ ಇರುವುದು ಇಲ್ಲೇ. ಅರ್ಥ ಮಾಡಿಕೊಳ್ಳುವವರು ಹತ್ತರಲ್ಲಿ ಒಂಬತ್ತು ಜನ. ಆದರೆ ದಿನನಿತ್ಯ ಕ್ಯಾಟಲನ್ನನ್ನೇ ಮುಖ್ಯವಾಗಿ ಬಳಸುವವರು 2003ರಲ್ಲಿ ಶೇ. 46 ಇದ್ದವರು 2023ರ ಸರ್ಕಾರಿ ಸಮೀಕ್ಷೆಯಲ್ಲಿ ಶೇ. 32.6ಕ್ಕೆ ಇಳಿದರು. ಒಂದು ಕಾರಣ ವಲಸೆ. 2000ದ ನಂತರ ಸುಮಾರು 20 ಲಕ್ಷ ಜನ ಹೆಚ್ಚಾದರು. ಲ್ಯಾಟಿನ್ ಅಮೆರಿಕದಿಂದ ಬಂದವರಿಗೆ ಸ್ಪ್ಯಾನಿಷ್ ಮೊದಲೇ ಗೊತ್ತು. ಶಾಲೆಗಳಲ್ಲಿ ಕನಿಷ್ಠ ಶೇ. 25 ಪಾಠ ಸ್ಪ್ಯಾನಿಷ್‌ನಲ್ಲಿ ಇರಬೇಕು ಎಂಬ ಕೋರ್ಟ್ ಆದೇಶದ ಮೇಲೂ ವರ್ಷಗಳಿಂದ ಜಗ್ಗಾಟ ಇದೆ. ಇನ್ನೊಂದು ಕಡೆ, 2023ರ ಸೆಪ್ಟೆಂಬರ್‌ನಿಂದ ಮ್ಯಾಡ್ರಿಡ್‌ನ ಸಂಸತ್ತಿನಲ್ಲಿ ಕ್ಯಾಟಲನ್, ಬಾಸ್ಕ್, ಗಲೀಷಿಯನ್ ಮಾತಾಡಬಹುದು. ಸಾಂಚೆಸ್‌ಗೆ ಮತ ಬೇಕಾಗಿತ್ತು, ಇವರಿಗೆ ಇದು ಸಿಕ್ಕಿತು.

ಚಳವಳಿ ಮುಗಿದು ಹೋಯಿತಾ?

ಕಾವು ಇಳಿದಿದೆ. 2024ರ ಮೇ ಚುನಾವಣೆಯಲ್ಲಿ ಸ್ವಾತಂತ್ರ್ಯ ಪರ ಪಕ್ಷಗಳಿಗೆಲ್ಲ ಸೇರಿ 61 ಸೀಟು. ಬೇಕಿದ್ದದ್ದು 68. ಸೋಷಲಿಸ್ಟ್ ಪಕ್ಷದ ಸಾಲ್ವಡೋರ್ ಇಲ್ಯಾ ಅಧ್ಯಕ್ಷರಾದರು, ಅದೂ ಎಸ್ಕೆರ್ರಾ ಬೆಂಬಲದಿಂದ. ಬದಲಿಗೆ ತೆರಿಗೆ ವಸೂಲಿಯನ್ನು ಹಂತ ಹಂತವಾಗಿ ಕ್ಯಾಟಲೋನಿಯಾಕ್ಕೇ ಬಿಡುವ ಭರವಸೆ ಕೊಟ್ಟರು. 2012ರಲ್ಲಿ ಮಾಸ್ ಕೇಳಿ ಬರಿಗೈಲಿ ಬಂದದ್ದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಇನ್ನೊಂದು ಗಾಳಿ ಎದ್ದಿದೆ. ರಿಪೋಲ್ ಎಂಬ ಸಣ್ಣ ಊರಿನ ಮೇಯರ್ ಸಿಲ್ವಿಯಾ ಒರಿಯೋಲ್ಸ್ ಅವರ ಆಲಿಯಾನ್ಸಾ ಕತಲಾನಾ ಪಕ್ಷ ಸ್ವಾತಂತ್ರ್ಯವನ್ನೂ ಕೇಳುತ್ತದೆ, ಮುಸ್ಲಿಂ ವಲಸಿಗರನ್ನೂ ವಿರೋಧಿಸುತ್ತದೆ. 2024ರಲ್ಲಿ 2 ಸೀಟು. ನಂತರದ ಸಮೀಕ್ಷೆಗಳಲ್ಲಿ ಜುಂಟ್ಸ್ ಮತಗಳನ್ನೇ ನುಂಗುತ್ತಾ ಜಿಗಿದಿದೆ. ‘ನಮ್ಮದು ಎಲ್ಲರನ್ನೂ ಸೇರಿಸಿಕೊಳ್ಳುವ ರಾಷ್ಟ್ರೀಯತೆ’ ಎಂದು ಹೇಳಿಕೊಂಡೇ ಬೆಳೆದ ಚಳವಳಿಗೆ ಇದು ಮುಜುಗರದ ಕೂಸು.

ಬಾರ್ಸಿಲೋನಾಕ್ಕೆ ಪ್ರವಾಸ ಹೋಗುವವರಿಗೆ ಇದರಿಂದ ತೊಂದರೆ ಇದೆಯಾ?

ಇಲ್ಲ. ಸೆಪ್ಟೆಂಬರ್ 11ರಂದು ಅಲ್ಲಿದ್ದರೆ ಮಧ್ಯಾಹ್ನದ ಮೇಲೆ ದೊಡ್ಡ ರಸ್ತೆಗಳು ಬಂದ್ ಇರಬಹುದು, ಮೆಟ್ರೋ ಹಿಡಿಯಿರಿ. ಬಾಲ್ಕನಿಯಲ್ಲಿ ಹಳದಿ ಕೆಂಪು ಪಟ್ಟೆಗಳ ಬಾವುಟ ಕಂಡರೆ ಅದು ಕ್ಯಾಟಲೋನಿಯಾದ ಅಧಿಕೃತ ಬಾವುಟ, ಎಲ್ಲರದ್ದು. ಅದರಲ್ಲಿ ತ್ರಿಕೋನ ಮತ್ತು ನಕ್ಷತ್ರ ಇದ್ದರೆ ಆ ಮನೆಯವರು ಸ್ವಾತಂತ್ರ್ಯ ಪರ. ಅಂಗಡಿಯಲ್ಲಿ ಕ್ಯಾಟಲನ್ ಭಾಷೆಯಲ್ಲಿ ‘ಬೋನ್ ದಿಯಾ’ (ಶುಭದಿನ) ಎಂದು ಹೇಳಿದರೆ ಖುಷಿಪಡುತ್ತಾರೆ. ಜೇಬುಗಳ್ಳರ ಬಗ್ಗೆ ಮಾತ್ರ ಹುಷಾರಾಗಿರಿ, ಅವರಿಗೆ ಯಾವ ಪಕ್ಷವೂ ಇಲ್ಲ.